ಅಪ್ಪನ ಮಂಚದ ಪಕ್ಕದ ಸ್ಪ್ಯಾನಿಷ್ ತರಗತಿ

ಮೇಲಿನ ಮಹಡಿಯ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರೆಂದು ಹೋದ ವಾರ ನೋಡಲು ಹೋಗಿದ್ದೆ. ಬಾಗಿಲು ತೆರೆದ ಕೂಡಲೇ ಮಾಲೀಸಿನ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗಲು ವಾಸನೆ. ಅಜ್ಜಿಯ ಮೊಣಕಾಲಿನ ಸಮಾಚಾರ ಕೇಳುತ್ತ ಕೂತಿದ್ದವಳಿಗೆ ಇದ್ದಕ್ಕಿದ್ದಂತೆ ಮೇಸಾ, ಸಿಯ್ಯಾ, ಬೆಂತಾನಾ ಎಂಬ ಸ್ಪ್ಯಾನಿಷ್ ಪದಗಳು ನೆನಪಾದವು. ಮೇಜು, ಕುರ್ಚಿ, ಕಿಟಕಿ. ಚಹಾ ಅರ್ಧಕ್ಕೆ ಬಿಟ್ಟು, ಏನೋ ನೆಪ ಹೇಳಿ, ಕೆಳಗಿಳಿದು ಬಂದೆ.

ಅಪ್ಪ ಹಾಸಿಗೆ ಹಿಡಿದ ವರ್ಷದ ಮಳೆಗಾಲ ನನಗೆ ನೆನಪಾಗುವುದು ಹೀಗೆಯೇ, ಮೊದಲು ಮೂಗಿಗೆ.

ನಮ್ಮದು ರಬಕವಿ ಕಡೆಯ ಮನೆತನ. ಅಪ್ಪ ಮತ್ತು ಅವನ ತಮ್ಮ, ಅಂದರೆ ನನ್ನ ಕಾಕಾ, ನಾನು ಹುಟ್ಟುವ ಮೊದಲೇ ಪುಣೆಗೆ ಬಂದು ಸದಾಶಿವ ಪೇಠದ ಒಂದು ಓಣಿಯಲ್ಲಿ ಸೀರೆ ಅಂಗಡಿ ಇಟ್ಟವರು. ಮನೆ ಧನಕವಡಿಯಲ್ಲಿ, ಎರಡನೆಯ ಮಹಡಿಯ ಎರಡು ಕೋಣೆ. ನಾನು ಒಬ್ಬಳೇ ಮಗಳು. ಅವ್ವನದು ಒಂದೇ ಕಟ್ಟಳೆ, ಹೊಸ್ತಿಲ ಒಳಗೆ ಕನ್ನಡ. ಶಾಲೆಯಿಂದ ಮರಾಠಿ ಮಾತಾಡುತ್ತ ಬಂದರೆ, "ಅದು ಚಪ್ಪಲ್ ಇದ್ದಂಗ, ಹೊರಗ ಬಿಟ್ಟು ಬಾ" ಅನ್ನುತ್ತಿದ್ದಳು. ಅವಳಿಗೆ ಮರಾಠಿ ಬರುತ್ತಿರಲಿಲ್ಲ ಅಂತಲ್ಲ. ಮಾತಿನಲ್ಲಿ ಗಂಡು ಹೆಣ್ಣು ತಪ್ಪುತ್ತಿತ್ತು, ಮಂಡಿಯಲ್ಲಿ ಕಾಯಿಪಲ್ಲೆ ಮಾರುವವರು ನಗುತ್ತಿದ್ದರು. ಆ ನಗೆ ಅವಳಿಗೆ ಸೇರುತ್ತಿರಲಿಲ್ಲ.

ಮೇ ತಿಂಗಳ ಕೊನೆಗೆ ಅಂಗಡಿಯಲ್ಲಿ ಗಿರಾಕಿಯ ಮುಂದೆ ಸೀರೆ ಬಿಚ್ಚುತ್ತಿದ್ದಾಗಲೇ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಆಸ್ಪತ್ರೆಯಿಂದ ಮನೆಗೆ ತಂದಾಗ ಕಾಲು ಅಷ್ಟಿಷ್ಟು ಊರುತ್ತಿತ್ತು. ಮಾತು ಬಂದಿರಲಿಲ್ಲ. ನಡುಕೋಣೆಯಲ್ಲಿ ಗೋಡೆಗೆ ತಾಗಿಸಿ ಮಂಚ ಹಾಕಿದೆವು.

ಅದೇ ಜೂನಿನಲ್ಲಿ ನಮ್ಮ ಆಫೀಸಿನಲ್ಲಿ ಸ್ಪ್ಯಾನಿಷಿನ ಮಾತು ಹೊರಟಿತು. ಶಿರೂರು ರಸ್ತೆಯ ಮೇಲೆ ಎರಕದ ಸಾಮಾನು ಮಾಡಿ ವಿದೇಶಕ್ಕೆ ಕಳಿಸುವ ಒಂದು ಕಂಪನಿಯಲ್ಲಿ ರಫ್ತಿನ ಕಾಗದಪತ್ರ ನೋಡುವ ಕೆಲಸ ನನ್ನದು. ಮೆಕ್ಸಿಕೋದ ದೊಡ್ಡ ಗಿರಾಕಿ ಸಿಕ್ಕಿದ್ದಾರೆ, ಅವರಿಗಾಗಿ ಹೊಸ ವಿಭಾಗ ಆಗುತ್ತದೆ ಎಂದು ಮ್ಯಾನೇಜರ್ ನಮ್ಮನ್ನೆಲ್ಲ ಕೂರಿಸಿ ಹೇಳಿದರು. ಸ್ಪ್ಯಾನಿಷ್ ಮೊದಲ ಹಂತ ಪಾಸಾದವರು ಇಲ್ಲೇ ಉಳಿಯುತ್ತಾರೆ. ಉಳಿದವರಿಗೆ ನಾಗಪುರದ ಕಾರ್ಖಾನೆ.

ನಾಗಪುರ ಅಂದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಅಪ್ಪನನ್ನು ಒಬ್ಬಳೇ ಎತ್ತಿ ಕೂರಿಸುತ್ತಿರುವ ಅವ್ವ. ಮಧ್ಯಾಹ್ನವೇ ಒಂದು ಕಾಲೇಜಿನ ಆನ್‌ಲೈನ್ ಕೋರ್ಸಿಗೆ ಹೆಸರು ಹಚ್ಚಿದೆ.

ಕಂಪನಿಯ ಬಸ್ಸು ಇಳಿದು ಓಡುತ್ತ ಮನೆಗೆ ಬಂದರೂ ಕ್ಲಾಸು ಶುರುವಾಗಿರುತ್ತಿತ್ತು. ಒಳಕೋಣೆಯಲ್ಲಿ ನೆಟ್ ಹಿಡಿಯುತ್ತಿರಲಿಲ್ಲ, ಹಾಗಾಗಿ ಅಪ್ಪನ ಮಂಚದ ಪಕ್ಕದಲ್ಲೇ ಊಟದ ಮೇಜು ಸರಿಸಿ ಲ್ಯಾಪ್‌ಟಾಪ್ ಇಟ್ಟೆ. ಪರದೆಯ ತುಂಬ ಪುಟ್ಟ ಪುಟ್ಟ ಚೌಕ, ಒಂದೊಂದರಲ್ಲಿ ಒಂದು ಮುಖ. ಹೆಚ್ಚಿನವರು ಆಗಷ್ಟೇ ಕಾಲೇಜು ಸೇರಿದ ಹುಡುಗ ಹುಡುಗಿಯರು. ಕಲಿಸುತ್ತಿದ್ದವರು ಕೇತಕಿ ಮ್ಯಾಡಮ್, ಪುಣೆಯವರೇ. ಮೊದಲ ದಿನ ನನ್ನ ಹೆಸರನ್ನು "ಸಬೀತಾ" ಎಂದು ಕರೆದು, ಸ್ಪೇನಿನವರ ಬಾಯಲ್ಲಿ ವ ಎಂಬುದು ಬ ಆಗುತ್ತದೆ ಎಂದು ನಕ್ಕರು. "ಕೋಮೊ ಎಸ್ತಾಸ್, ಸಬೀತಾ?" ಹೇಗಿದ್ದೀ ಅಂತ. "ಎಸ್ತೊಯ್ ಬಿಯೆನ್" ಅನ್ನಬೇಕಿತ್ತು, ಚೆನ್ನಾಗಿದ್ದೇನೆ ಅಂತ. ಅಪ್ಪನ ಬಾಯಿಯ ಮೂಲೆಯಲ್ಲಿ ಜೊಲ್ಲು ಇಳಿಯುತ್ತಿತ್ತು, ನನ್ನ ಗಮನ ಅಲ್ಲಿತ್ತು. ಒರೆಸಿ ತಿರುಗುವಷ್ಟರಲ್ಲಿ ಮ್ಯಾಡಮ್ ಮುಂದಿನವರ ಹೆಸರು ಕರೆದಿದ್ದರು.

ಅಲ್ಲಿಂದ ಮುಂದೆ ಒಂದು ಕಿವಿಗೆ ಮಾತ್ರ ಹೆಡ್‌ಫೋನು, ಇನ್ನೊಂದು ಕಿವಿ ಅಪ್ಪನ ಉಸಿರಿಗೆ. ಅವನು ನಿದ್ದೆ ಹೋದರೆ ಎದೆ ಏರಿಳಿಯುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆ. ಎಚ್ಚರವಿದ್ದರೆ ಮುಖ ಮತ್ತೆ ಸೊಟ್ಟಗಾಯಿತೇ ಎಂದು ನೋಡುತ್ತಿದ್ದೆ.

ಅಪ್ಪನಿಗೂ ಆಗ ಪಾಠ ನಡೆದಿತ್ತು. ಗೌರಿ ಎಂಬ ಎಳೆಯ ವಯಸ್ಸಿನ ಥೆರಪಿಸ್ಟ್ ವಾರಕ್ಕೆರಡು ಸಲ ಬಂದು ಚಿತ್ರದ ಕಾರ್ಡು ಹಿಡಿದು, ಇದೇನು, ಇದೇನು ಎಂದು ಕೇಳುತ್ತಿದ್ದಳು. ಬಟ್ಟಲು, ಕುರ್ಚಿ, ಕೀಲಿಕೈ. ಅವಳಿಗೆ ಕನ್ನಡ ಬಾರದು, ಮರಾಠಿಯಲ್ಲೇ ಕಲಿಸುತ್ತಿದ್ದಳು. ಅಪ್ಪ ಕಾರ್ಡು ನೋಡುತ್ತಿದ್ದ, ತುಟಿ ಕೂಡಿಸುತ್ತಿದ್ದ. ಏನೂ ಹೊರಡದೆ ಎಡಗೈಯಿಂದ ಹಾಸಿಗೆಗೆ ಗುದ್ದುತ್ತಿದ್ದ.

ಅವನ ಮೊದಲ ಪದ ಬಂದದ್ದು ನನ್ನ ಕ್ಲಾಸಿನಲ್ಲಿ. ಕೇತಕಿ ಮ್ಯಾಡಮ್ ಪರದೆಯ ಮೇಲೆ ಕುರ್ಚಿಯ ಚಿತ್ರ ಹಾಕಿ, "ಕೇ ಎಸ್ ಎಸ್ತೊ?" ಎಂದು ನನ್ನನ್ನೇ ಕೇಳಿದರು, ಇದೇನು ಅಂತ. ಮೈಕು ತೆರೆದು ಬಾಯಿ ಬಿಡುವಷ್ಟರಲ್ಲಿ ಮಂಚದಿಂದ ಗಟ್ಟಿ ದನಿ ಬಂತು: "ಖುರ್ಚೀ."

ಎಲ್ಲ ಚೌಕಗಳಲ್ಲೂ ನಗೆ. ನಾನು ಗಾಬರಿಯಲ್ಲಿ ಮೈಕು ಮುಚ್ಚುವ ಬದಲು ಕ್ಯಾಮೆರಾ ಮುಚ್ಚಿದೆ. "ಯಾರದು?" ಎಂದರು ಮ್ಯಾಡಮ್. ನಮ್ಮ ತಂದೆ, ಹುಷಾರಿಲ್ಲ, ಕ್ಷಮಿಸಿ ಎಂದೆ. ಅವರು ಮರಾಠಿಯಲ್ಲಿ, "ನಿಮ್ಮ ತಂದೆ ಹೇಳಿದ್ದು ಸರಿ ಇದೆ, ಈಗ ಸ್ಪ್ಯಾನಿಷಿನಲ್ಲಿ ನೀವು ಹೇಳಿ" ಎಂದರು. ನಾನು ಹೆಡ್‌ಫೋನು ತೆಗೆದಿಟ್ಟೆ. ಎದ್ದು ಅಡುಗೆಮನೆಗೆ ಓಡಿದೆ.

"ಅವ್ವಾ, ಅಪ್ಪ ಮಾತಾಡಿದ."

ಅವ್ವ ಹಿಟ್ಟಿನ ಕೈಯಲ್ಲೇ ಬಂದು ಮಂಚದ ಮುಂದೆ ಕುಕ್ಕುರುಗಾಲಲ್ಲಿ ಕೂತಳು. "ಏನಂದ್ರಿ? ಇನ್ನೊಮ್ಮೆ ಅನ್ರಿ."

"ಖುರ್ಚೀ" ಎಂದ ಅಪ್ಪ.

"ಕುರ್ಚಿ ಅನ್ರಿ. ಕುರ್ಚಿ."

"ಖುರ್ಚೀ."

ಅದು ಮರಾಠಿಯ ಉಚ್ಚಾರ ಎಂಬುದನ್ನು ಮೊದಲಿಗೆ ಅವ್ವ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಒಂದು ಪದ ಬಂದರೆ ಇನ್ನೊಂದು ಬರುತ್ತದೆ ಎಂದಳು. ಬಂತು ಕೂಡ, ಆದರೆ ಬಂದದ್ದೆಲ್ಲ ಮರಾಠಿ. ನೀರು ಬೇಕಾದರೆ ಪಾಣೀ. ಸಾಕು ಅನ್ನಲು ಪುರೇ. ಅವ್ವ ಲೋಟ ಹಿಡಿದು, "ನೀ...ರು. ನೀರು ಅನ್ರಿ, ಕೊಡ್ತೀನಿ" ಅನ್ನುತ್ತಿದ್ದಳು. ಅವನು ಅವಳ ತುಟಿ ನೋಡಿ, ತನ್ನ ತುಟಿ ಹಾಗೆಯೇ ಮಾಡಿ, "ಪಾಣೀ" ಅನ್ನುತ್ತಿದ್ದ. ಒಂದು ದಿನ ಲೋಟ ತಳ್ಳಿಬಿಟ್ಟ. ನೀರು ನನ್ನ ಲ್ಯಾಪ್‌ಟಾಪಿನ ಹತ್ತಿರದವರೆಗೂ ಹರಿಯಿತು. ಅವ್ವ ಒರೆಸುತ್ತ, "ಮನ್ಯಾಗಿನ ಮಾತು ಮರೀತಾರಂತ, ಪ್ಯಾಟ್ಯಾಗಿನ ಮಾತು ನೆನಪಿರತದಂತ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಗೌರಿಗೆ ಹೇಳಿದೆ. ಹೀಗಾಗುವುದುಂಟು, ಎರಡು ಭಾಷೆಯವರಿಗೆ ಒಂದು ಮೊದಲು ಬರುತ್ತದೆ, ಯಾವುದು ಅಂತ ಯಾರೂ ಹೇಳಲಾರರು ಎಂದಳು ಅವಳು. "ಬಂದ ಭಾಷೆಯಲ್ಲೇ ಮಾತಾಡಿಸಿ. ಪರೀಕ್ಷೆ ಮಾಡಬೇಡಿ." ಅವ್ವನಿಗೆ ಇದನ್ನು ಕನ್ನಡದಲ್ಲಿ ಹೇಳಿದಾಗ ಅವಳು ಗೌರಿಯ ಮುಖ ನೋಡದೆ ಒಳಗೆ ಹೋದಳು.

ಆಷಾಢ ಮುಗಿಯುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಒಂದು ಸಂಜೆ ಕ್ಲಾಸಿನ ನಡುವೆ ಅಪ್ಪನ ಕಡೆ ನೋಡಿದೆ. ಬಾಯಿ ಒಂದು ಬದಿಗೆ ಜಗ್ಗಿದ್ದಂತೆ ಕಂಡಿತು. ಕರೆದರೆ ಕಣ್ಣು ತೆರೆಯಲಿಲ್ಲ. ಲ್ಯಾಪ್‌ಟಾಪ್ ಹಾಗೆಯೇ ಬಿಟ್ಟು, ಕೆಳಗಿನ ಮನೆಯವರ ಸಹಾಯದಿಂದ ಅವನನ್ನು ರಿಕ್ಷಾಕ್ಕೆ ಹತ್ತಿಸಿದೆವು. ರಸ್ತೆಯ ತುಂಬ ನೀರು. ರಿಕ್ಷಾದ ಬದಿಯ ಪರದೆ ಪಟಪಟ ಬಡಿಯುತ್ತಿತ್ತು. ಅವ್ವ ಅವನ ತಲೆಯನ್ನು ಹೆಗಲಿಗೆ ಆನಿಸಿಕೊಂಡು, "ಏನ್ರಿ, ನನ್ನ ನೋಡ್ರಿ, ಇಲ್ನೋಡ್ರಿ" ಎಂದು ಒಂದೇ ಸಮನೆ ಕರೆಯುತ್ತಿದ್ದಳು. ನಾಲ್ಕು ರಸ್ತೆ ಕೂಡುವಲ್ಲಿ ಅಪ್ಪ ಕಣ್ಣು ಬಿಟ್ಟ. ಅವ್ವನ ಮುಖವನ್ನು ತುಸು ಹೊತ್ತು ನೋಡಿದ. ಆಮೇಲೆ ಬಹಳ ವಿನಯದಿಂದ ಕೇಳಿದ:

"ಕಾಯ್ ದಾಖವೂ, ತಾಈ?"

ಏನು ತೋರಿಸಲಿ, ಅಕ್ಕಾ? ಅಂಗಡಿಗೆ ಬಂದ ಪ್ರತಿ ಹೆಂಗಸಿಗೂ ಅವನು ಕೇಳುತ್ತಿದ್ದ ಮಾತು ಅದು.

ಅವ್ವ ಕರೆಯುವುದನ್ನು ನಿಲ್ಲಿಸಿದಳು.

ಆಸ್ಪತ್ರೆಯಲ್ಲಿ ಎಲ್ಲ ನೋಡಿ, ಹೊಸದೇನೂ ಆಗಿಲ್ಲ, ಗುಳಿಗೆಯಿಂದ ಮಂಪರು ಹೆಚ್ಚಾಗಿದೆ, ಕಡಿಮೆ ಮಾಡೋಣ ಎಂದರು. ನಾನು ಅಲ್ಲೇ ಬಾಕಿನ ಮೇಲೆ ಕೂತೆ. ಅವ್ವ ನನ್ನ ಪಕ್ಕ ಕೂತು ಸೆರಗಿನಿಂದ ಮಳೆನೀರು ಒರೆಸಿಕೊಳ್ಳುತ್ತಿದ್ದಳು.

"ನನ್ನ ಗುರುತ ಇಲ್ಲ ಅವರಿಗೆ" ಎಂದಳು.

"ಗುರುತ ಅದ ಅವ್ವಾ. ಮಾತು ಅಷ್ಟ ಸಿಗವಲ್ದು. ಗೌರಿ ಹೇಳಲಿಲ್ಲೇನು."

"ಗುರುತ ಇದ್ರ ತಾಈ ಅಂತಾರೇನು ಹೆಂಡ್ತಿಗೆ?"

ನಾನು ಎದ್ದು ಹೊಸ ಗುಳಿಗೆಯ ಚೀಟಿ ತರಲು ಹೋದೆ. ಅದಾದ ಮೇಲೆ ಅವ್ವ ಅವನನ್ನು ಮಾತಾಡಿಸುವುದನ್ನೇ ಕಡಿಮೆ ಮಾಡಿದಳು. ಊಟ ಮಾಡಿಸುತ್ತಿದ್ದಳು, ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು, ಹಾಸಿಗೆ ಬದಲಿಸುತ್ತಿದ್ದಳು, ಅಷ್ಟೇ. ಅವನು "ಕಾಯ್ ದಾಖವೂ, ತಾಈ" ಅಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು. ಅವನು ಬಾಗಿಲ ಕಡೆ ನೋಡುತ್ತ ಉಳಿಯುತ್ತಿದ್ದ, ಕೊಳ್ಳದೆ ಹೋದ ಗಿರಾಕಿಯನ್ನು ನೋಡುವಂತೆ.

ನಾನು ಇವರಿಬ್ಬರ ನಡುವೆ ಕ್ರಿಯಾಪದ ಉರು ಹೊಡೆಯುತ್ತಿದ್ದೆ. ಆಬ್ಲೊ, ಆಬ್ಲಾಸ್, ಆಬ್ಲಾ. ಮಾತಾಡುತ್ತೇನೆ, ಮಾತಾಡುತ್ತೀ, ಮಾತಾಡುತ್ತಾನೆ. ಗಣಪತಿ ಹಬ್ಬ ಹತ್ತಿರ ಬಂದಿತ್ತು. ಹಿಂದಿನ ಮೈದಾನದಲ್ಲಿ ಮೆರವಣಿಗೆಗೆ ಢೋಲ್ ತಾಶಾ ಬಾರಿಸುವವರ ತಾಲೀಮು ಸರಿಯಾಗಿ ನನ್ನ ಕ್ಲಾಸಿನ ಹೊತ್ತಿಗೇ ಶುರುವಾಗುತ್ತಿತ್ತು. ಕಿಟಕಿಯ ಗಾಜು ನಡುಗುತ್ತಿತ್ತು. ಕೇಳಿ ಬರೆಯುವ ಪರೀಕ್ಷೆಯಲ್ಲಿ ಅರ್ಧ ಢೋಲು, ಅರ್ಧ ಸ್ಪ್ಯಾನಿಷು ಕೇಳಿ, ಅಂದಾಜಿನ ಮೇಲೆ ಬರೆದೆ. ಅಂಕ ಬಂದಾಗ ನನ್ನ ಹೆಸರು ತೀರ ಕೆಳಗಿತ್ತು. ಇನ್ನು ಉಳಿದದ್ದು ಮಾತಿನ ಪರೀಕ್ಷೆ ಒಂದೇ. ಅದರಲ್ಲಿ ಚೆನ್ನಾಗಿ ಮಾಡಿದರೆ ಸಾವರಿಸಿಕೊಳ್ಳಬಹುದು, ಮನೆಯವರ ಬಗ್ಗೆ ಕೇಳಿಯೇ ಕೇಳುತ್ತಾರೆ, ಸಿದ್ಧವಾಗಿರಿ ಎಂದು ಕೇತಕಿ ಮ್ಯಾಡಮ್ ಬೇರೆಯಾಗಿ ಫೋನು ಮಾಡಿ ಹೇಳಿದರು.

ವಾಕ್ಯಗಳನ್ನು ಬರೆದುಕೊಂಡು ಬಾಯಿಪಾಠ ಮಾಡಿದೆ. ಬಸ್ಸಿನಲ್ಲಿ, ಸ್ನಾನದ ಹೊತ್ತಿಗೆ, ಅವ್ವನ ಪಕ್ಕ ಕೂತು ಸೊಪ್ಪು ಸೋಸುವಾಗ ಅದೇ. "ಮಿ ಪಾದ್ರೆ ಆಬ್ಲಾ ಕನ್ನಡಾ, ಮರಾಠಿ ಇ ಹಿಂದಿ." ನನ್ನ ತಂದೆ ಕನ್ನಡ, ಮರಾಠಿ ಮತ್ತು ಹಿಂದಿ ಮಾತಾಡುತ್ತಾರೆ. ಅವ್ವ ಏನೆಂದು ಕೇಳಿದಳು, ಅರ್ಥ ಹೇಳಿದೆ. ಅವಳು ಸೊಪ್ಪಿನ ದಂಟು ಮುರಿಯುತ್ತ, "ಪಾದ್ರೆ ಅಂದ್ರ ಅಪ್ಪ" ಎಂದಳು. ಹೌದು ಎಂದೆ.

ಪರೀಕ್ಷೆಯ ದಿನ ರಜೆ ಹಾಕಿದ್ದೆ. ಢೋಲಿನ ಕಾಟ ತಪ್ಪಿಸಲು ಬೆಳಗಿನ ಹೊತ್ತೇ ಬೇಡಿ ಪಡೆದಿದ್ದೆ. ಪರದೆಯ ಮೇಲೆ ಕೇತಕಿ ಮ್ಯಾಡಮ್ ಜೊತೆ ಗುರುತಿಲ್ಲದ ಇನ್ನೊಬ್ಬ ಪರೀಕ್ಷಕಿ. ಹೆಸರು, ಊರು, ಕೆಲಸ ದಾಟಿದವು. ಮಾತು ಹೊರಡುತ್ತಿತ್ತು. ಆಮೇಲೆ ಆ ಪರೀಕ್ಷಕಿ ಕೇಳಿದರು: "ತು ಪಾದ್ರೆ? ಕೇ ಲೆಂಗ್ವಾಸ್ ಆಬ್ಲಾ?" ನಿನ್ನ ತಂದೆ? ಯಾವ ಭಾಷೆ ಮಾತಾಡುತ್ತಾರೆ?

ಬಾಯಿಪಾಠವಾದ ವಾಕ್ಯ ತುಟಿಯ ಮೇಲೆಯೇ ಇತ್ತು. ಪರದೆಯ ಅಂಚಿನಾಚೆ ಅಪ್ಪ ದಿಂಬಿಗೆ ಒರಗಿ ನನ್ನನ್ನೇ ನೋಡುತ್ತಿದ್ದ. "ಮಿ ಪಾದ್ರೆ ಆಬ್ಲಾ" ಎಂದೆ. ಅಲ್ಲಿಗೇ ತಡೆದೆ. ಮಾತಾಡುತ್ತಾರೆ. ಮೊದಲು ಮಾತಾಡುತ್ತಿದ್ದರು ಅನ್ನುವುದನ್ನು ನಮಗೆ ಕಲಿಸಿರಲಿಲ್ಲ. "ಮಿ ಪಾದ್ರೆ ಆಬ್ಲಾ ಮರಾಠಿ." ಪರೀಕ್ಷಕಿ ಇನ್ನೂ ಏನಾದರೂ ಬರುತ್ತದೆಂದು ಕಾದರು. ನಾನು ತಲೆ ಅಲ್ಲಾಡಿಸಿದೆ. ಮುಂದಿನ ಪ್ರಶ್ನೆಗಳಿಗೆ ಏನು ಹೇಳಿದೆನೋ ನೆನಪಿಲ್ಲ.

ಲ್ಯಾಪ್‌ಟಾಪ್ ಮುಚ್ಚಿದಾಗ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಕನ್ನಡಾ ಅನ್ಲಿಲ್ಲ ನೀ" ಎಂದಳು. "ಇಷ್ಟು ದಿನ ಕನ್ನಡಾ, ಮರಾಠಿ, ಹಿಂದಿ ಅಂತ ಹೇಳ್ಕೊಂಡು ತಿರಗಾಡಿದಿ. ಇವತ್ತು ಬರೇ ಮರಾಠಿ ಅಂದಿ."

"ಅವ್ವಾ, ನಮಗ ಬರೇ ವರ್ತಮಾನ ಕಾಲ ಕಲಿಸ್ಯಾರ. ಮೊದಲ ಮಾತಾಡ್ತಿದ್ರು ಅಂತ ಹೇಳಾಕ ಬರೂದಿಲ್ಲ ನನಗ."

"ಅದನ್ನ ಯಾವಾಗ ಕಲಿಸ್ತಾರ?"

"ಮುಂದಿನ ಕೋರ್ಸಿನ್ಯಾಗ."

"ಅಲ್ಲೀತನಕ?"

"ಅಲ್ಲೀತನಕ ಈಗ ಇದ್ದದ್ದಷ್ಟ ಹೇಳಬೇಕು."

ಅವ್ವ ಬೈಯುತ್ತಾಳೆ ಅಂದುಕೊಂಡೆ. ಅವಳು ಅಪ್ಪನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ತಿರುಗಿ ಒಲೆಯ ಮುಂದೆ ಹೋದಳು. ಆ ದಿನವೆಲ್ಲ ನನಗೆ ಎರಡು ಭಯ. ಫೇಲಾದೆ ಎಂಬುದೊಂದು. ಅವ್ವನ ಮನಸ್ಸು ಮುರಿದೆ ಎಂಬುದು ಇನ್ನೊಂದು.

ಮರುದಿನ ರವಿವಾರ. ಮಧ್ಯಾಹ್ನ ಮಳೆ ಹೊಳವಾಗಿತ್ತು. ನಾನು ಮಂಚದ ಕಾಲ ಬಳಿ ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದೆ. ಅವ್ವ ಒಳಕೋಣೆಯಿಂದ ಹೊರಗೆ ಬಂದಳು. ತಲೆ ಬಾಚಿ, ಹೊರಗೆ ಹೋಗುವ ಸೀರೆ ಉಟ್ಟು, ಭುಜಕ್ಕೆ ಚೀಲ ಸಹ ಹಾಕಿಕೊಂಡಿದ್ದಳು. ಎಲ್ಲಿಗೆ ಎಂದು ಕೇಳಬೇಕೆನ್ನುವಷ್ಟರಲ್ಲಿ ತನ್ನ ನಾಲ್ಕಾರು ಸೀರೆಗಳ ಗಂಟನ್ನು ತಂದು ಅಪ್ಪನ ಎಡಗೈಯ ಹತ್ತಿರ ಇಟ್ಟಳು. ಆಮೇಲೆ ಮುಂಬಾಗಿಲವರೆಗೆ ಹೋಗಿ, ತಿರುಗಿ ಬಂದು, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅವನೆದುರು ಕೂತಳು.

ಅಪ್ಪ ಅವಳನ್ನು ನೋಡಿದ. "ಕಾಯ್ ದಾಖವೂ, ತಾಈ?"

"ಇಲಕಲ್ ದಾಖವಾ, ಭಾವೂ" ಎಂದಳು ಅವ್ವ. ಇಲಕಲ್ ಸೀರೆ ತೋರಿಸಿ, ಅಣ್ಣಾ.

ನನ್ನ ಕೈಯಲ್ಲಿದ್ದ ಅಂಗಿ ಅಲ್ಲೇ ಉಳಿಯಿತು. ಅವ್ವ ಈ ಮನೆಯೊಳಗೆ ಮರಾಠಿ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಪ್ಪ ದಿಂಬಿನಿಂದ ಬೆನ್ನು ಎತ್ತಿ ಕೂತ. ಗಂಟಿನೊಳಗೆ ಎಡಗೈ ಹಾಕಿ, ನೋಡಿ ನೋಡಿ, ಒಂದು ಸೀರೆ ಎಳೆದ. ಒಂದೇ ಕೈಯಿಂದ ಬಿಚ್ಚಲು ಬರಲಿಲ್ಲ. ನಾನು ಏಳಹೊರಟೆ, ಅವ್ವ ಕಣ್ಣಿನಿಂದಲೇ ತಡೆದಳು. ಅವನು ಅಂಚನ್ನು ಮೊಣಕಾಲ ಕೆಳಗೆ ಒತ್ತಿ ಹಿಡಿದು ಸೆರಗು ಹರವಿದ. ಸೆರಗು ನೋಡಿ ಎಂದ. ರಂಗು ಹೋಗುವುದಿಲ್ಲ ಎಂದ. ತೊಳೆದಷ್ಟೂ ಮೆತ್ತಗಾಗುತ್ತದೆ ಎಂದ. ಎಲ್ಲ ಮರಾಠಿ, ಎಲ್ಲ ಅಂಗಡಿಯ ಮಾತು, ಆದರೆ ಒಂದರ ಹಿಂದೊಂದು ಪೂರ್ಣ ವಾಕ್ಯಗಳು. ಅವ್ವ ತಪ್ಪು ತಪ್ಪು ಮರಾಠಿಯಲ್ಲಿ, ಈ ಅಂಚು ಬೇಡ, ಆ ಬಣ್ಣ ಬೇಡ ಅನ್ನುತ್ತಿದ್ದಳು. ಗಂಡು ಹೆಣ್ಣು ಎಲ್ಲ ಕಲಸಿಹೋಗುತ್ತಿತ್ತು. ಅವನು ಒಮ್ಮೆಯೂ ನಗಲಿಲ್ಲ. ಹಳ್ಳಿಯಿಂದ ಬಂದ ಗಿರಾಕಿಯ ಮಾತಿಗೆ ತಲೆಯಾಡಿಸುವಂತೆ ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಆಮೇಲೆ ಅವ್ವ ಚೌಕಾಸಿಗೆ ಇಳಿದಳು. ಅವನೊಂದು ಬೆಲೆ ಹೇಳಿದ, ಅವಳು ಅದರ ಅರ್ಧ ಹೇಳಿದಳು. ಅವನು ಕೈ ಅಡ್ಡ ಆಡಿಸಿದ. ಅವಳು ಚೀಲ ಎತ್ತಿಕೊಂಡು ಎದ್ದಳು. "ಬಸಾ, ಬಸಾ" ಎಂದು ಕೂರಿಸಿದ. ಮತ್ತೆ ಅವಳದು ಅದೇ ಅರ್ಧ. ಅಪ್ಪನ ಹಣೆಯ ಮೇಲೆ ಬೆವರು ಬಂದಿತ್ತು. ದಣಿಯುತ್ತಿದ್ದಾನೆ, ಸಾಕು ಮಾಡಬೇಕು ಎಂದು ನನಗೆ ಒಳಗೊಳಗೆ ಚಡಪಡಿಕೆ. ಆಗ ಅವನು ಬಾಗಿ, ಕತ್ತು ನನ್ನ ಕಡೆ ತಿರುಗಿಸಿ, ದನಿ ತಗ್ಗಿಸಿ ಹೇಳಿದ:

"ಈಕಿ ಬಿಡಂಗಿಲ್ಲ. ಕೊಟ್ಟು ಕಳಸು."

ಅಂಗಡಿಯಲ್ಲಿ ಅಪ್ಪ, ಕಾಕಾ ಇಬ್ಬರದೂ ಇದೇ ಪದ್ಧತಿ. ಗಿರಾಕಿಯ ಎದುರಿಗೆ ಕೊನೆಯ ಬೆಲೆಯ ಮಾತು ಆಡಬೇಕಾದರೆ, ಅವರಿಗೆ ತಿಳಿಯದಿರಲಿ ಎಂದು ಕನ್ನಡದಲ್ಲಿ ಆಡುತ್ತಿದ್ದರು. ಅವನು ಆ ಹೊತ್ತಿಗೆ ನನ್ನನ್ನು ಕಾಕಾ ಅಂದುಕೊಂಡಿದ್ದನೋ, ಮಗಳೆಂದೇ ಹೇಳಿದನೋ, ಇವತ್ತಿಗೂ ಗೊತ್ತಿಲ್ಲ.

ಅವ್ವ ಕೈಯಲ್ಲಿದ್ದ ಸೆರಗನ್ನು ಕೆಳಗಿಟ್ಟಳು. ಅಳುತ್ತಾಳೆ, ಆಟ ಮುರಿಯುತ್ತದೆ, ಅವನು ಗಾಬರಿಯಾಗುತ್ತಾನೆ ಅಂದುಕೊಂಡೆ. ಅವಳು ಏನೂ ತಿಳಿಯದ ಗಿರಾಕಿಯ ಮುಖ ಮಾಡಿ ಕೇಳಿದಳು:

"ಕಾಯ್ ಮ್ಹಣಾಲಾತ?" ಏನಂದಿರಿ?

"ಕಾಹೀ ನಾಹೀ, ತಾಈ" ಎಂದ ಅಪ್ಪ. ಏನಿಲ್ಲ ಅಕ್ಕಾ. ನನ್ನ ಕಡೆ ಸೀರೆ ತಳ್ಳಿದ, ಕಟ್ಟಿಕೊಡು ಎಂಬಂತೆ.

ನಾನು ಮಡಚಿ ಕೊಟ್ಟೆ. ಅವ್ವ ಅದನ್ನು ಚೀಲದಲ್ಲಿಟ್ಟುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಸುಮಾರು ಹೊತ್ತು ಹೊರಗೆ ಬರಲಿಲ್ಲ. ಅಪ್ಪ ಉಳಿದ ಸೀರೆಗಳ ಮೇಲೆ ಕೈ ಇಟ್ಟುಕೊಂಡು ನಿದ್ದೆ ಹೋದ. ಅವತ್ತು ನಾನು ಅವನ ಎದೆಯ ಏರಿಳಿತ ನೋಡಲಿಲ್ಲ.

ಮಾತಿನ ಪರೀಕ್ಷೆಯಲ್ಲಿ ನಾನು ಅಂಚಿಗೆ ಪಾಸಾಗಿದ್ದೆ. ಗಣಪತಿ ಕಳಿಸಿದ ಮೇಲೆ ಫಲಿತಾಂಶ ಬಂತು, ನಾಗಪುರ ತಪ್ಪಿತು. ಮುಂದಿನ ಕೋರ್ಸಿಗೂ ಸೇರಿ ಭೂತಕಾಲ ಕಲಿತೆ, ಈಗ ಅದೇ ವಿಭಾಗದಲ್ಲಿದ್ದೇನೆ. ಅಪ್ಪನ ಕನ್ನಡ ಪೂರ್ತಿ ಬಂದಿಲ್ಲ. ಬಂದಷ್ಟು ಮಾತೆಲ್ಲ ತಗ್ಗಿದ ದನಿಯಲ್ಲೇ ಬರುತ್ತದೆ, ಎದುರಿಗೆ ಯಾರೋ ಗಿರಾಕಿ ಕೂತಿದ್ದಾರೆ ಎಂಬಂತೆ. ದೂರದಿಂದ ಕೇಳುವುದಿಲ್ಲ. ಅದಕ್ಕೇ ಅವ್ವ ಈಗ ಕುರ್ಚಿ ಬಿಟ್ಟಿದ್ದಾಳೆ, ಮಂಚದ ಮೇಲೆ ಅವನ ಮಗ್ಗುಲಲ್ಲೇ ಕೂರುತ್ತಾಳೆ.